‘ಕೊಡಬಹುದು’ ಎಂದರೆ ‘ಕೊಡದೆಯೂ ಇರಬಹುದು’

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಗಿರಣಿಗೆ ಹೊಸ ಬೆಲ್ಟು ತರಲೆಂದು ವಿಜಯಪುರಕ್ಕೆ ಹೋಗಿದ್ದೆ. ಗಾಂಧಿ ಚೌಕದ ಹತ್ತಿರ ಇಬ್ಬರು ಹುಡುಗರು ನಿಂತು ಹೋಗಿಬರುವವರ ಕೈಗೆ ಹಾಳೆ ಕೊಡುತ್ತಿದ್ದರು. ಕೋಚಿಂಗ್ ಕ್ಲಾಸಿನ ಜಾಹೀರಾತು ಇರಬೇಕೆಂದು ಚೀಲಕ್ಕೆ ತುರುಕಿಕೊಂಡೆ. ಬಸ್ಸಿನಲ್ಲಿ ಕೂತು ಬಿಡಿಸಿ ನೋಡಿದರೆ, ‘ಜನರೇ ಬರೆಯುವ ಹೊಸ ಸಂವಿಧಾನ ಬೇಕು, ಅಧಿಕಾರ ಹಳ್ಳಿಯಿಂದ ಮೇಲಕ್ಕೆ ಹೋಗಬೇಕು’ ಎಂದು ದಪ್ಪ ಅಕ್ಷರ. ಕೆಳಗೆ ಹೆಸರು, ಊರು, ಸಹಿಗೆ ಗೆರೆ. ತುಂಬಿ ಕಳಿಸಲು ಒಂದು ಫೋನ್ ನಂಬರು. ಆ ಹಾಳೆ ಈಗಲೂ ನಮ್ಮ ಗಿರಣಿಯ ಗೋಡೆಯ ಮೊಳೆಗೆ ಸಿಕ್ಕಿಸಿದೆ. ಸಹಿ ಮಾಡಿಲ್ಲ. ಹರಿದು ಒಗೆದೂ ಇಲ್ಲ. ಎರಡೂ ಯಾಕೆ ಮಾಡಲಿಲ್ಲ ಎಂಬುದನ್ನು ನಾಲ್ಕು ಮಂದಿ ಓದುವ ಕಡೆ ಬರೆಯಬೇಕೆನಿಸಿತು. ಪತ್ರ ಉದ್ದವಾದರೆ ಕತ್ತರಿಸಿಕೊಳ್ಳಿ. ಗುಣದಾಳದ ಸುದ್ದಿ ಮಾತ್ರ ಕತ್ತರಿಸಬೇಡಿ.

ನಾನು ಹಿಟ್ಟಿನ ಗಿರಣಿಯವಳು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ. ನಮ್ಮ ಮಾವನವರು ಹಾಕಿದ ಗಿರಣಿ, ಈಗ ನಾನೂ ನಮ್ಮ ಮನೆಯವರೂ ನಡೆಸುತ್ತೇವೆ. ಜೋಳ, ಗೋದಿಗೆ ಒಂದು ಕಲ್ಲು, ಖಾರಕ್ಕೆ ಬೇರೆ ಕಲ್ಲು. 2015ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ವಾರ್ಡಿನ ಒಂದು ಸ್ಥಾನ ಮಹಿಳೆಗೆ ಮೀಸಲಾಯಿತು, ಓಣಿಯವರು ನಿಲ್ಲಿಸಿದರು, ಗೆದ್ದೆ. ಐದು ವರ್ಷ ಸದಸ್ಯೆಯಾಗಿದ್ದೆ. ಸದಸ್ಯೆಯರ ಗಂಡಂದಿರೇ ಕುರ್ಚಿಯ ಮೇಲೆ ಕೂರುವುದು ನಮ್ಮ ಕಡೆ ಹೊಸದಲ್ಲ. ನಮ್ಮ ಮನೆಯವರಿಗೆ ಅದಕ್ಕೆ ಪುರಸೊತ್ತು ಇರಲಿಲ್ಲ, ಯಾಕೆಂದರೆ ನಾನು ಮೀಟಿಂಗಿಗೆ ಹೋದ ದಿನ ಗಿರಣಿ ಅವರ ಪಾಲು. ಒಂದು ಸಲ ಖಾರದ ಕಲ್ಲಿಗೆ ಯಾರದೋ ಗೋದಿ ಸುರಿದು ಇಡೀ ಓಣಿಗೆ ಸೀನು ಬರಿಸಿದ್ದರು. 2020ರಲ್ಲಿ ಮತ್ತೆ ನಿಂತೆ. ಹದಿನೇಳು ಮತಕ್ಕೆ ಸೋತೆ. ಸೋತದ್ದಕ್ಕೆ ಬಂದ ಸಿಟ್ಟು ಈ ಪತ್ರದಲ್ಲಿ ಇಲ್ಲ, ಅದು ಆರಿ ಬಹಳ ದಿನವಾಯಿತು.

ಆ ಐದು ವರ್ಷದಲ್ಲಿ ನಾನು ಕಲಿತದ್ದು ಎರಡು ಶಬ್ದ. ಒಂದು ‘ಬಹುದು’. ಇನ್ನೊಂದು ‘ತಕ್ಕದ್ದು’.

2016ರಲ್ಲಿ ಮಳೆ ಕೈಕೊಟ್ಟಿತ್ತು. ಕೇರಿಯ ಹೆಣ್ಣುಮಕ್ಕಳು ಒಂದೂವರೆ ಕಿಲೋಮೀಟರ್ ದೂರದ ತೋಟದ ಬಾವಿಗೆ ಕೊಡ ಹೊತ್ತು ಹೋಗುತ್ತಿದ್ದರು. ತೋಟದವರಿಗೆ ಮನಸ್ಸಿದ್ದ ದಿನ ನೀರು, ಇಲ್ಲದ ದಿನ ಬೈಗುಳ. ಆ ವರ್ಷದ ಗ್ರಾಮಸಭೆ ಶಾಲೆಯ ಅಂಗಳದಲ್ಲಿ ಆಯಿತು. ಎಂದೂ ಬಾಯಿ ತೆಗೆಯದ ಒಬ್ಬ ಮುದುಕಿ ಎದ್ದು ನಿಂತು, ‘ಪೈಪು ಮೊದಲ ನಮ್ಮ ಕೇರಿಗೆ ಬರಬೇಕ್ರಿ, ರಸ್ತಾ ಆಮ್ಯಾಲ’ ಎಂದಳು. ಎಲ್ಲರೂ ಹೂಂ ಎಂದರು. ಕೈ ಎತ್ತಿದರು. ಬರೆದುಕೊಳ್ಳುವವರು ಬರೆದುಕೊಂಡರು. ನಾಲ್ಕು ತಿಂಗಳ ಮೇಲೆ ಕ್ರಿಯಾಯೋಜನೆ ಬಂತು. ಅದರಲ್ಲಿ ಊರ ಮುಂದಿನ ಓಣಿಗೆ ಕಾಂಕ್ರೀಟ್ ರಸ್ತೆ ಇತ್ತು, ಪೈಪು ಇರಲಿಲ್ಲ. ಪಂಚಾಯಿತಿ ಕಚೇರಿಯವರನ್ನು ಹೋಗಿ ಕೇಳಿದೆ. ‘ಅಕ್ಕಾರ, ಗ್ರಾಮಸಭಾದಾಗ ಆಗಿದ್ದು ಬರೇ ಬೇಡಿಕೆ. ಮ್ಯಾಲಿಂದ ಮಂಜೂರಾಗಿ ಬಂದಿದ್ದ ಯೋಜನಾ’ ಎಂದರು. ನಡಾವಳಿ ಪುಸ್ತಕ ತೋರಿಸಿ ಎಂದೆ. ತೋರಿಸಿದರು. ನಾವು ಕೈ ಎತ್ತಿ ಮಾಡಿದ ತೀರ್ಮಾನದ ಜಾಗದಲ್ಲಿ ಒಂದೇ ಸಾಲು: ‘ಕುಡಿಯುವ ನೀರಿನ ಬಗ್ಗೆ ಸುದೀರ್ಘವಾಗಿ ಚರ್ಚಿಸಲಾಯಿತು.’ ಕೆಳಗೆ ನನ್ನದೇ ಸಹಿ. ಓದದೆ ಹಾಕಿದ್ದೆ. ಆ ಸಹಿ ನೆನಪಾದಾಗ ಇಂದಿಗೂ ಮೈ ಉರಿಯುತ್ತದೆ.

ಆಮೇಲೆ ತಾಲೂಕಿನಲ್ಲಿ ಸದಸ್ಯರಿಗೆ ತರಬೇತಿ ಆಯಿತು. ಊಟಕ್ಕೆ ಎದ್ದಾಗ ತರಬೇತಿ ಕೊಡಲು ಬಂದವರಲ್ಲಿ ಒಬ್ಬರನ್ನು ಹಿಡಿದು ಕೇಳಿದೆ: ಗ್ರಾಮಸಭೆಯ ಮಾತಿಗೆ ಬೆಲೆ ಇದೆಯೋ ಇಲ್ಲವೋ? ಅವರು ಸಂವಿಧಾನದ ಪುಸ್ತಕ ತೆಗೆದು 9ನೇ ಭಾಗ ತೋರಿಸಿದರು. 73ನೇ ತಿದ್ದುಪಡಿಯಲ್ಲಿ ಸೇರಿದ ಭಾಗ ಅದು. 243ಎ ಎಂಬ ಅನುಚ್ಛೇದ ಗ್ರಾಮಸಭೆಯದ್ದು. ಇರುವುದೇ ಒಂದು ವಾಕ್ಯ: ರಾಜ್ಯದ ವಿಧಾನಮಂಡಲ ಕಾನೂನಿನ ಮೂಲಕ ಒದಗಿಸಬಹುದಾದಂಥ ಅಧಿಕಾರವನ್ನು ಗ್ರಾಮಸಭೆ ಚಲಾಯಿಸಬಹುದು. ಒಂದೇ ವಾಕ್ಯದಲ್ಲಿ ಎರಡು ‘ಬಹುದು’. ಮುಂದೆ 243ಜಿ. ಪಂಚಾಯಿತಿಗಳಿಗೆ ಸ್ವಯಂ ಆಡಳಿತಕ್ಕೆ ಬೇಕಾದ ಅಧಿಕಾರವನ್ನು ವಿಧಾನಮಂಡಲ ಕೊಡಬಹುದು. ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳ ಪಟ್ಟಿ ಇದೆ. ಕುಡಿಯುವ ನೀರು, ಸಣ್ಣ ನೀರಾವರಿ, ರಸ್ತೆ, ಶಾಲೆ, ಸಂತೆ, ಜಾತ್ರೆ ಎಲ್ಲ ಅದರಲ್ಲಿವೆ. ಅವನ್ನೂ ವಹಿಸಿಕೊಡಬಹುದು. ತೆರಿಗೆ ಹಾಕುವ ಅಧಿಕಾರ, ಅದೂ ಕೊಡಬಹುದು. ‘ಕೊಡಬಹುದು ಅಂದ್ರ ಕೊಡದೇನೂ ಇರಬಹುದು ಅಂದಂಗಾತಲ್ರಿ ಸರ್’ ಎಂದೆ. ಅವರು ನಕ್ಕು, ‘ಕಾಯ್ದೆ ಓದಾಕ ಕಲತ್ರಿ ನೀವು’ ಎಂದರು.

ನಮ್ಮ ರಾಜ್ಯದ ಕಾನೂನು ಏನೂ ಕೊಟ್ಟಿಲ್ಲ ಎನ್ನುವುದಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಗೆ 2015ರಲ್ಲಿ ಮಾಡಿದ ತಿದ್ದುಪಡಿಯಿಂದ ಹೆಸರೇ ‘ಗ್ರಾಮ ಸ್ವರಾಜ್’ ಆಗಿದೆ. ವಾರ್ಡ್ ಸಭೆ ಇದೆ, ಗ್ರಾಮಸಭೆ ಇದೆ, ಫಲಾನುಭವಿಗಳನ್ನು ಸಭೆಯಲ್ಲೇ ಆರಿಸಬೇಕು ಎಂದಿದೆ. ಸದಸ್ಯ ಸ್ಥಾನಗಳಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ಇದೆಲ್ಲ ಬೇರೆ ಎಷ್ಟೋ ರಾಜ್ಯಗಳಿಗಿಂತ ಮುಂದೆ. ಆದರೂ ಇವೆಲ್ಲ ವಿಧಾನಸಭೆ ಕೊಟ್ಟದ್ದು. ಕೊಟ್ಟವರು ಹಿಂದಕ್ಕೆ ಪಡೆಯಬಹುದು. ಪಡೆಯದೆ ಸುಮ್ಮನೆ ಒಣಗಲು ಬಿಟ್ಟರಂತೂ ಕೇಳುವವರೇ ಇಲ್ಲ.

ಇನ್ನು ‘ತಕ್ಕದ್ದು’. 243ಇ ಹೇಳುವುದು, ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸತಕ್ಕದ್ದು. ಇಲ್ಲಿ ‘ಬಹುದು’ ಇಲ್ಲ. ಇದು ಯಾಕೆ ಬಂತೆಂದರೆ ಅದರಲ್ಲಿ ನಮ್ಮ ರಾಜ್ಯದ ಕಥೆಯೂ ಇದೆ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ 1983ರ ಪಂಚಾಯಿತಿ ಕಾಯ್ದೆ ಮಾಡಿದರು. ಊರೂರಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಎನಿಸಿಕೊಂಡವರು ಅವರೇ. 1987ರಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತಿಗೆ ಚುನಾವಣೆ ಆಯಿತು. ಹೆಣ್ಣುಮಕ್ಕಳಿಗೆ ಆಗಲೇ ನಾಲ್ಕರಲ್ಲಿ ಒಂದು ಪಾಲು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ದೇಶವೆಲ್ಲ ಕರ್ನಾಟಕದ ಕಡೆ ನೋಡಿತು. 1992ರಲ್ಲಿ ಅವಧಿ ಮುಗಿಯಿತು, ಚುನಾವಣೆ ಆಗಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. ಹಾಗೆ ಆಗಕೂಡದೆಂದೇ ಸಂವಿಧಾನದಲ್ಲಿ ‘ತಕ್ಕದ್ದು’ ಬರೆದರು.

ಬರೆದು ಏನಾಯಿತು? ನಮ್ಮ ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆದದ್ದು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಳೇ ಆಡಳಿತಾಧಿಕಾರಿಗಳ ಕೈಯಲ್ಲಿ ಹೋದವು. ಕ್ಷೇತ್ರ ಪುನರ್‌ವಿಂಗಡಣೆ ಅಂದರು, ಮೀಸಲಾತಿ ಪಟ್ಟಿ ಅಂದರು, ಕೋರ್ಟು ಅಂದರು. ಯಾವ ಪಕ್ಷದ ಸರ್ಕಾರ ಎಂದು ಕೇಳಬೇಡಿ. ನಡುವೆ ಸರ್ಕಾರ ಬದಲಾಯಿತು, ಚುನಾವಣೆ ಬರಲಿಲ್ಲ. ಇವರ ಶಾಸಕ ಸ್ಥಾನದ ಚುನಾವಣೆ ಆರು ತಿಂಗಳು ತಡವಾದರೆ ಊರೆಲ್ಲ ಡಂಗುರ ಹೊಡೆಯುತ್ತಿದ್ದರು. ನಮ್ಮದು ವರ್ಷಗಟ್ಟಲೆ ತಡವಾದರೂ ಗಿರಣಿಗೆ ಬಂದವರು ಒಬ್ಬರೂ ಅದರ ಮಾತೆತ್ತಲಿಲ್ಲ. ಅದೂ ಒಂದು ಉತ್ತರವೇ. ಜಿಲ್ಲಾ ಪಂಚಾಯಿತಿ ಇದ್ದಾಗ ಏನು ಸಿಕ್ಕಿತ್ತು, ಇಲ್ಲವೆಂದು ಅಳಲಿಕ್ಕೆ?

ಹಾಗಾದರೆ ಆ ಹುಡುಗರು ಹೇಳುವುದು ಸರಿಯಲ್ಲವೇ? ಹಳೆಯದನ್ನು ಬಿಟ್ಟು ಹೊಸದು ಬರೆದರೆ? ಈ ಪ್ರಶ್ನೆಯನ್ನು ನಾನು ಹಗುರಾಗಿ ತಳ್ಳಿಹಾಕುವುದಿಲ್ಲ. ಅವರ ಹಾಳೆಯಲ್ಲಿ ಒಂದು ಮಾತು ನಿಜ. ಸಂವಿಧಾನ ಬರೆದ ಸಭೆಗೆ ನಮ್ಮ ಅಜ್ಜಿ ಮತ ಹಾಕಿರಲಿಲ್ಲ. ಆ ಸಭೆಯ ಬಹುಪಾಲು ಸದಸ್ಯರನ್ನು ಆರಿಸಿದ್ದು ಪ್ರಾಂತಗಳ ಶಾಸನಸಭೆಗಳು. ಆ ಶಾಸನಸಭೆಗಳಿಗೆ ಮತ ಹಾಕಿದವರು ಆಸ್ತಿ, ತೆರಿಗೆ, ಓದು ಇದ್ದ ಸ್ವಲ್ಪ ಜನ. ಆದರೆ ಆ ಸ್ವಲ್ಪ ಜನ ಆರಿಸಿದವರು ಬರೆದದ್ದೇನು? ಓದು ಬರಹ ಬರದ ನಮ್ಮ ಅಜ್ಜಿಗೂ ಒಂದೇ ಏಟಿಗೆ ಮತ ಕೊಟ್ಟರು. ಅಮೆರಿಕ, ಯುರೋಪಿನ ಹೆಣ್ಣುಮಕ್ಕಳು ಮತಕ್ಕಾಗಿ ದಶಕಗಟ್ಟಲೆ ಬಡಿದಾಡಿದ್ದರು. ಇಂದು ಹೊಸದು ಬರೆಯಲು ಕೂತರೆ ಯಾರು ಕೂರುತ್ತಾರೆ? ನನ್ನ ಗಿರಣಿಗೆ ಬರುವ ಮುದುಕಿ ಕೂರುತ್ತಾಳೆಯೇ, ಅಥವಾ ಇಂದು ವಿಧಾನಸಭೆಯಲ್ಲಿ ಕೂತವರೇ ಇನ್ನೊಂದು ಕೋಣೆಗೆ ಹೋಗಿ ಕೂರುತ್ತಾರೆಯೇ?

ಹಾಳೆಯಲ್ಲಿ ಐಸ್‌ಲ್ಯಾಂಡ್, ಚಿಲಿ ಎಂಬ ದೇಶಗಳ ಹೆಸರಿತ್ತು. ನಮ್ಮ ಮಗಳು ಧಾರವಾಡದಲ್ಲಿ ಓದುತ್ತಾಳೆ, ಅವಳು ಹುಡುಕಿ ಓದಿ ಹೇಳಿದಳು. ಐಸ್‌ಲ್ಯಾಂಡಿನಲ್ಲಿ 2008ರಲ್ಲಿ ಬ್ಯಾಂಕುಗಳು ಮುಳುಗಿದ ಮೇಲೆ ಜನ ಸಿಟ್ಟಿಗೆದ್ದು ಹೊಸ ಸಂವಿಧಾನ ಕೇಳಿದರು. 25 ಜನರ ಮಂಡಳಿ ಎಲ್ಲರ ಸಲಹೆ ಕೇಳುತ್ತ ಕರಡು ಬರೆಯಿತು. 2012ರ ಅಕ್ಟೋಬರಿನಲ್ಲಿ ಜನಮತ ಆಯಿತು, ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಹೌದೆಂದರು. ಪಾರ್ಲಿಮೆಂಟು ಅದನ್ನು ಪಾಸು ಮಾಡಲೇ ಇಲ್ಲ. ಚಿಲಿಯದು ಇನ್ನೊಂದು ಥರ. ಜನರೇ ಆರಿಸಿದ ಸಭೆ ಬಹಳ ಉದ್ದದ ಸಂವಿಧಾನ ಬರೆಯಿತು. 2022ರ ಸೆಪ್ಟೆಂಬರಿನಲ್ಲಿ ನೂರರಲ್ಲಿ 62 ಜನ ಬೇಡವೆಂದರು. ಮತ್ತೆ ಇನ್ನೊಂದು ಬರೆದರು, 2023ರ ಡಿಸೆಂಬರಿನಲ್ಲಿ ಅದನ್ನೂ ಬೇಡವೆಂದರು. ಕೇಳಿ ನಮ್ಮ ಮನೆಯವರು, ‘ಒಂದ ಕಡೆ ಮಂದಿ ಹೂಂ ಅಂದ್ರ ಸರ್ಕಾರ ಒಲ್ಲೆ ಅಂತು, ಇನ್ನೊಂದ ಕಡೆ ಬರದವರ ಹೂಂ ಅಂದ್ರ ಮಂದಿ ಒಲ್ಲೆ ಅಂದ್ರು. ಇದರಕಿಂತ ಲಗ್ನಾ ಕೂಡ್ಸೂದ ಸಸಾರ’ ಎಂದರು.

ಇನ್ನು ಗುಣದಾಳ. ನಮ್ಮ ಜಿಲ್ಲೆಯದೇ ಊರು, ನನ್ನ ತಾಯಿಯ ತಾಯಿ ಹುಟ್ಟಿದ ಊರು. ‘ನಮ್ಮದು ಬ್ರಿಟಿಷರ ರಾಜ್ಯ ಅಲ್ಲ, ಪಂತರ ರಾಜ್ಯ’ ಎಂದು ಅಜ್ಜಿ ಜಂಬದಿಂದ ಹೇಳುತ್ತಿದ್ದಳು. ಚಿಕ್ಕವಳಿದ್ದಾಗ ಅರ್ಥವಾಗಿರಲಿಲ್ಲ. ಸಾತಾರದ ಕಡೆಯ ಔಂಧ ಎಂಬ ಸಣ್ಣ ಸಂಸ್ಥಾನಕ್ಕೆ 72 ಹಳ್ಳಿಗಳಿದ್ದವು. ಔಂಧ, ಆಟಪಾಡಿ, ಕುಂಡಲ ಆ ಕಡೆ. ಗುಣದಾಳ ಮಾತ್ರ ನಮ್ಮ ಕಡೆ, ಸುತ್ತ ಬೇರೆಯವರ ನೆಲ, ನಡುವೆ ಔಂಧದ್ದು. ರಾಜ ಭವಾನರಾವ ಪಂತ ಪ್ರತಿನಿಧಿ. ಸೂರ್ಯನಮಸ್ಕಾರದ ಹುಚ್ಚಿನ ರಾಜ ಎಂದು ಅಜ್ಜಿ ಹೇಳುತ್ತಿದ್ದಳು, ಅದು ನಿಜವೇ. ಆ ರಾಜ 1938ರ ನವೆಂಬರಿನಲ್ಲಿ ಅಧಿಕಾರವನ್ನೆಲ್ಲ ಪ್ರಜೆಗಳಿಗೆ ಬಿಟ್ಟುಕೊಡುತ್ತೇನೆಂದು ಸಾರಿದರು. ಅವರ ಮಗ ಅಪ್ಪಾಸಾಹೇಬ ಪಂತ, ಜೊತೆಗೆ ಪೋಲೆಂಡಿನಿಂದ ಬಂದ ಇಂಜಿನಿಯರ್ ಮಾರಿಸ್ ಫ್ರಿಡ್ಮನ್ ಇದರ ಹಿಂದಿದ್ದವರು. ಈ ಫ್ರಿಡ್ಮನ್ ಬೆಂಗಳೂರಿನ ಸರ್ಕಾರಿ ವಿದ್ಯುತ್ ಉಪಕರಣ ಕಾರ್ಖಾನೆ ನಡೆಸಲು ಬಂದು, ಕಾವಿ ತೊಟ್ಟು ಭಾರತಾನಂದರಾದವರು. ಸೇವಾಗ್ರಾಮಕ್ಕೆ ಹೋಗಿ ಗಾಂಧೀಜಿಯ ಮುಂದೆ ಕೂತು ಸಂವಿಧಾನ ಬರೆಸಿಕೊಂಡರು. 1939ರ ಜನವರಿಯಲ್ಲಿ ಜಾರಿಗೆ ಬಂತು.

ಅದರ ರಚನೆ ನೋಡಿ. ಹಳ್ಳಿಯವರು ಐದು ಜನರ ಪಂಚಾಯಿತಿ ಆರಿಸಬೇಕು. ಪಂಚಾಯಿತಿ ಅಧ್ಯಕ್ಷರು ಸೇರಿ ತಾಲೂಕು ಸಮಿತಿ. ಅಲ್ಲಿಂದ ಆರಿಸಿ ಹೋದವರು ಔಂಧದ ಶಾಸನಸಭೆಗೆ. ಕಂದಾಯದಲ್ಲಿ ಒಂದು ದೊಡ್ಡ ಪಾಲು ಕೆಳಗೇ ಉಳಿಯಬೇಕು. ವ್ಯಾಜ್ಯಕ್ಕೆ ಜನ ಕೋರ್ಟಿಗೆ ಅಲೆಯಬಾರದು, ಕೋರ್ಟೇ ಹಳ್ಳಿಗೆ ಬರಬೇಕು. ದೆಹಲಿಯಲ್ಲಿ ಸಂವಿಧಾನ ಜಾರಿಯಾಗುವ 11 ವರ್ಷ ಮೊದಲು ವಿಜಯಪುರ ಜಿಲ್ಲೆಯ ಒಂದು ಮೂಲೆಯಲ್ಲಿ ಲಿಖಿತ ಸಂವಿಧಾನ ಇತ್ತು, ಅದೂ ಹಳ್ಳಿಯಿಂದ ಮೇಲಕ್ಕೆ ಹೋಗುವಂಥದ್ದು! ನಮ್ಮ ಶಾಲೆಯ ಯಾವ ಪುಸ್ತಕದಲ್ಲೂ ನಾನು ಇದನ್ನು ಓದಲಿಲ್ಲ. ಅಜ್ಜಿಗೆ ‘ಸಂವಿಧಾನ’ ಎಂಬ ಶಬ್ದ ಗೊತ್ತಿರಲಿಲ್ಲ. ನೆನಪಿದ್ದದ್ದು ಒಂದೇ, ‘ಸಾಹೇಬ ಚಾವಡಿಗೆ ಬಂದು ಕುಂತು ನ್ಯಾಯಾ ಹೇಳ್ತಿದ್ದ, ನಾವ್ ಬುತ್ತಿ ಕಟಗೊಂಡ ಹೋಗೂದಿರಲಿಲ್ಲ.’

1948ರ ಮಾರ್ಚ್ 8ರಂದು ಔಂಧ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸಂವಿಧಾನವೂ ಅದರೊಂದಿಗೆ ಮುಗಿಯಿತು. ಒಂಬತ್ತು ವರ್ಷ ಆಯುಷ್ಯ. ಗುಣದಾಳದಲ್ಲಿ ಯಾರೂ ಬೀದಿಗಿಳಿದು ನಮ್ಮ ಪಂಚಾಯಿತಿಯ ಹಕ್ಕು ಎಲ್ಲಿ ಹೋಯಿತು ಎಂದು ಕೇಳಿದ ಸುದ್ದಿಯನ್ನು ಅಜ್ಜಿ ಹೇಳಲಿಲ್ಲ. ಯಾಕೆ ಕೇಳುತ್ತಾರೆ? ಒಳ್ಳೆಯ ರಾಜ ಕೊಟ್ಟದ್ದು, ಸೇವಾಗ್ರಾಮದಲ್ಲಿ ಬರೆದದ್ದು. ಹಳ್ಳಿಯವರು ಕೇಳಿ, ಜಗಳಾಡಿ, ಬರೆಸಿದ್ದಲ್ಲ. ಬಂದಂತೆ ಹೋಯಿತು. ಅದೇ ಹೊತ್ತಿಗೆ ಪಕ್ಕದ ಜಮಖಂಡಿ ಸಂಸ್ಥಾನದಲ್ಲಿ ಸಾವಳಗಿಯ ಬಿ.ಡಿ. ಜತ್ತಿಯವರು ಪುರಸಭೆಯ ಸದಸ್ಯರಾಗಿ ಶುರುಮಾಡಿ ಸಂಸ್ಥಾನದ ಮಂತ್ರಿಯಾಗಿದ್ದರು. ಅವರು ಮುಂದೆ ಮುಖ್ಯಮಂತ್ರಿ, ಉಪರಾಷ್ಟ್ರಪತಿ ಆದದ್ದು, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯಾಗಿದ್ದದ್ದು ಎಲ್ಲರಿಗೂ ಗೊತ್ತು. ಮೊದಲ ಮೆಟ್ಟಿಲು ಪುರಸಭೆ ಎಂಬುದು ಎಷ್ಟು ಜನರಿಗೆ ಗೊತ್ತು?

ಗುಣದಾಳದ ಕಥೆ ಕೇಳಿ ಹಳ್ಳಿಗೆ ಎಲ್ಲ ಅಧಿಕಾರ ಕೊಟ್ಟುಬಿಡಿ ಎಂದು ನಾನು ಹೇಳುತ್ತೇನೆಂದು ತಿಳಿಯಬೇಡಿ. 1948ರ ನವೆಂಬರ್ 4ರಂದು ಕರಡು ಸಂವಿಧಾನ ಮಂಡಿಸುತ್ತ ಬಾಬಾಸಾಹೇಬ ಅಂಬೇಡ್ಕರರು ಹಳ್ಳಿ ಎಂದರೇನು, ಅಜ್ಞಾನದ ಗೂಡು, ಸಣ್ಣಬುದ್ಧಿ ಮತ್ತು ಕೋಮುಭಾವದ ಗವಿ ಎಂಬ ಅರ್ಥದಲ್ಲಿ ಮಾತಾಡಿದರು. ಸಭೆಯಲ್ಲಿ ಎಷ್ಟೋ ಜನರಿಗೆ ಸಿಟ್ಟು ಬಂತು. ಅದೇ ತಿಂಗಳು 22ರಂದು ಸಭೆಯ ಸದಸ್ಯ ಕೆ. ಸಂತಾನಂ ಅವರ ತಿದ್ದುಪಡಿಯನ್ನು ಅಂಬೇಡ್ಕರರೇ ಒಪ್ಪಿಕೊಂಡು ಪಂಚಾಯಿತಿಗಳ ಮಾತು ಇಂದಿನ 40ನೇ ಅನುಚ್ಛೇದವಾಗಿ ಸೇರಿತು. ಅದೂ ಕೋರ್ಟಿಗೆ ಹೋಗಿ ಕೇಳಲಾಗದ ನಿರ್ದೇಶಕ ತತ್ವವಾಗಿ. ಹಳ್ಳಿಯನ್ನು ಹೊಗಳುವ ನನ್ನಂಥವರಿಗೆ ಆ ಮಾತು ಚುಚ್ಚುತ್ತದೆ. ಆದರೆ ಸುಳ್ಳೆನ್ನಲು ನನಗೆ ಬಾಯಿಲ್ಲ.

ಹೇಳಿಯೇ ಬಿಡುತ್ತೇನೆ. ನಮ್ಮ ಮಾವನವರ ಕಾಲದಲ್ಲಿ ಈ ಗಿರಣಿಯಲ್ಲಿ ಕೇರಿಯವರ ಜೋಳ ಕೊನೆಗೆ ಬೀಸುತ್ತಿದ್ದರು. ಬೆಳಿಗ್ಗೆ ಮೊದಲೇ ಬಂದು ಬುಟ್ಟಿ ಇಟ್ಟಿದ್ದರೂ ಸರಿ, ಊರವರದ್ದೆಲ್ಲ ಆದ ಮೇಲೆ, ಕಲ್ಲು ನಿಲ್ಲಿಸುವ ಮೊದಲು. ಬುಟ್ಟಿಯನ್ನು ಹೊರಗಿನ ಕಟ್ಟೆಯ ಮೇಲೆ ಇಡಬೇಕು. ನಾನು ಮದುವೆಯಾಗಿ ಬಂದಾಗಲೂ ಹಾಗೇ ನಡೆಯುತ್ತಿತ್ತು. ನಾನೇನೂ ಕ್ರಾಂತಿ ಮಾಡಲಿಲ್ಲ. ಮಾವ ತೀರಿಕೊಂಡ ಮೇಲೆ ಡಬ್ಬಿ, ಬುಟ್ಟಿಗಳಿಗೆ ಸೀಮೆಸುಣ್ಣದಿಂದ ನಂಬರು ಬರೆಯಲು ಶುರುಮಾಡಿದೆ. ಬಂದ ಪಾಳಿ ಪ್ರಕಾರ ಬೀಸುವುದು. ಮೊದಮೊದಲು ನಾಲ್ಕು ಮನೆಯವರು ಪಕ್ಕದ ಊರಿನ ಗಿರಣಿಗೆ ಹೋದರು. ಮಳೆಗಾಲ ಬಂತು, ಕೆಸರಲ್ಲಿ ಎಷ್ಟು ದಿನ ಹೋಗುತ್ತಾರೆ, ತಿರುಗಿ ಬಂದರು. ಆದರೆ ಆ ನಾಲ್ಕು ಮನೆಯವರೇ ಗ್ರಾಮಸಭೆಯಲ್ಲಿ ಕೈ ಎತ್ತಿ ‘ಕೇರಿಯವರ ಪಾಳಿ ಕೊನೆಗೆ’ ಎಂದು ಬಹುಮತದಿಂದ ತೀರ್ಮಾನ ಮಾಡಿದ್ದರೆ? ಹಾಗೆ ಮಾಡಲು ಬಿಡದಿರುವುದು ಯಾವುದು? ಮೇಲೆ ಕೂತ ಸಂವಿಧಾನ, ಅಸ್ಪೃಶ್ಯತೆ ಕೂಡದೆನ್ನುವ ಅದರ 17ನೇ ಅನುಚ್ಛೇದ. ಹಾಗಾಗಿ ಹಳ್ಳಿಗೆ ಅಧಿಕಾರ ಬೇಕು, ಹಳ್ಳಿಯ ತಲೆಯ ಮೇಲೆ ಆ ಸಂವಿಧಾನದ ಕೈಯೂ ಬೇಕು. ಹೊಸದು ಬರೆಯಲು ಕೂತಾಗ ಆ ಕೈ ಹಾಗೇ ಉಳಿಯುತ್ತದೆಂದು ನನಗೆ ಯಾರು ಭರವಸೆ ಕೊಡುತ್ತಾರೆ? ಸಹಿ ಮಾಡದಿರಲು ಇದೇ ಕಾರಣ.

ಕಲ್ಲು ಸವೆದರೆ ನಾವು ಗಿರಣಿ ಮಾರುವುದಿಲ್ಲ. ಕಲ್ಲು ಇಳಿಸಿ, ಉಳಿ ಹಿಡಿದು ಗೆರೆ ಮತ್ತೆ ಹೊಡೆಸುತ್ತೇವೆ. ಸಂವಿಧಾನವೂ ಅದಕ್ಕೆ ದಾರಿ ಇಟ್ಟಿದೆ. ತಿದ್ದುಪಡಿ ಮಾಡಬಹುದು, ಬುನಾದಿ ಕೀಳಬಾರದು ಎಂದು ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು 1973ರ ಏಪ್ರಿಲ್ 24ರಂದು. ಪಂಚಾಯಿತಿಗಳ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಸರಿಯಾಗಿ 20 ವರ್ಷಕ್ಕೆ ಅದೇ ದಿನ. ಕಾಕತಾಳೀಯ ಇರಬಹುದು, ನನಗೆ ಮಾತ್ರ ಖುಷಿ ಕೊಟ್ಟಿತು.

ಈಗ ನಾನು ಮಾಡುತ್ತಿರುವ ಪ್ರಚಾರದ ಮಾತು. ಎರಡು ವರ್ಷದಿಂದ ಗಿರಣಿಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹಿಟ್ಟು ಬೀಸಲು ಇಟ್ಟು ಕೂತವರಿಗೆ ಒಂದೇ ಪ್ರಶ್ನೆ: ನಮ್ಮ ಊರು ಹೇಗೆ ನಡೆಯಬೇಕು ಎಂದು ಬರೆದಿಡುವುದಾದರೆ ಏನು ಬರೆಯಬೇಕು? ಬರೆಯಲು ಬರದವರು ಹೇಳುತ್ತಾರೆ, ನಾನು ಬರೆದು, ಓದಿ ಹೇಳಿ, ಹೌದೆಂದ ಮೇಲೆ ಹೆಬ್ಬೆಟ್ಟು. ಓದದೆ ಸಹಿ ಹಾಕಿದವಳಿಗೆ ಈ ಬುದ್ಧಿ ಆಮೇಲೆ ಬಂದದ್ದು. ಮರಾಠಿ ಕಡೆಯಿಂದ ಬಂದ ಸೊಸೆಯಂದಿರು ಇದನ್ನು ‘ಊರ ಘಟನಾ’ ಎನ್ನುತ್ತಾರೆ. ಅವರ ಭಾಷೆಯಲ್ಲಿ ಸಂವಿಧಾನಕ್ಕೆ ಆ ಹೆಸರೂ ಇದೆಯಂತೆ.

ಏನೇನು ಬಂತು ಅಂತೀರಿ? ಗಂಡಸರಲ್ಲಿ ಅರ್ಧದಷ್ಟು ಜನ ಬರೆಸಿದ್ದು ದಾರೂ ಅಂಗಡಿ ಬಗ್ಗೆ. ಮುಚ್ಚಿಸಬೇಕೆಂದು ಕೆಲವರು, ಹತ್ತಿರ ತರಬೇಕೆಂದು ಕೆಲವರು. ಅದನ್ನು ಬಿಡಿ. ಹೆಣ್ಣುಮಕ್ಕಳು ಬರೆಸಿದ್ದು ನನಗೆ ಕಾಯ್ದೆ ಪುಸ್ತಕಕ್ಕಿಂತ ಹೆಚ್ಚು ಕಲಿಸಿತು. ಗ್ರಾಮಸಭೆ ಬೆಳಿಗ್ಗೆ 11ಕ್ಕೆ ಇಟ್ಟರೆ ಕೂಲಿಗೆ ಹೋಗುವವರು ಹೇಗೆ ಬರಬೇಕು, ಜೋಳದ ರಾಶಿ, ಕಡಲೆ ಕೀಳುವ ದಿನಗಳಲ್ಲಂತೂ ಇಡಲೇಬಾರದು. ಸೋಮವಾರ ಸಂಜೆ ಇಡಬೇಕು, ಸೋಮವಾರ ಎತ್ತು ಹೂಡುವುದಿಲ್ಲ, ಗಂಡಸರೂ ಖಾಲಿ ಇರುತ್ತಾರೆ. ಗುಡಿಯ ಮುಂದೆ ಸಭೆ ಬೇಡ, ಅಲ್ಲಿ ಕೇರಿಯವರು ದೂರ ನಿಲ್ಲುತ್ತಾರೆ, ಮುಟ್ಟಾದವರು ಬರುವುದಿಲ್ಲ, ಶಾಲೆಯ ಅಂಗಳವೇ ಬೇಕು. ನಡಾವಳಿಯನ್ನು ಸಭೆಯಲ್ಲೇ ಬರೆದು, ಮೈಕಿನಲ್ಲಿ ಓದಿ, ಆಮೇಲೆ ಸಹಿ. ಕೋರಂ ತುಂಬಿಸಲು ಮನೆಮನೆಗೆ ಪುಸ್ತಕ ತಂದು ಸಹಿ ಮಾಡಿಸಿದರೆ ಯಾರೂ ಮಾಡಬಾರದು. ಖರ್ಚಿನ ಲೆಕ್ಕ ನೋಟಿಸ್ ಬೋರ್ಡಿನ ಮೇಲೆ ಹಚ್ಚಿದರೆ ಸಾಲದು, ಓದಿ ಹೇಳಬೇಕು. ‘ಚರ್ಚಿಸಲಾಯಿತು’ ಎಂಬ ಶಬ್ದ ಬರೆಯಬಾರದು, ಏನು ತೀರ್ಮಾನವಾಯಿತು, ಯಾರು ಯಾವ ತಾರೀಖಿನೊಳಗೆ ಮಾಡಬೇಕು ಎಂದು ಬರೆಯಬೇಕು. ಇದನ್ನು ಬರೆಸಿದ್ದು ಪೈಪಿನ ಮಾತೆತ್ತಿದ ಅದೇ ಮುದುಕಿ. ಅವಳು ಹೋದ ವರ್ಷ ತೀರಿಕೊಂಡಳು. ಅವಳ ಹೆಬ್ಬೆಟ್ಟು 63ನೇ ಪುಟದಲ್ಲಿದೆ.

ಒಂದು ಮಾತು ಮಾತ್ರ ಇನ್ನೂ ಬಗೆಹರಿದಿಲ್ಲ. ಹೊಲ ಮಾರಿ ಊರು ಬಿಟ್ಟು ಪುಣೆ, ಗೋವಾಕ್ಕೆ ದುಡಿಯಲು ಹೋದವರಿಗೆ ಗ್ರಾಮಸಭೆಯಲ್ಲಿ ಮಾತಾಡುವ ಹಕ್ಕು ಬೇಕೋ ಬೇಡವೋ. ಮತದಾರರ ಪಟ್ಟಿಯಲ್ಲಿ ಹೆಸರಿದೆ, ಬೇಕೆಂದು ಕೆಲವರು. ಊರ ನೀರು ಕುಡಿಯದವನು ಊರ ನೀರಿನ ಬಗ್ಗೆ ಮಾತಾಡಬಾರದೆಂದು ಕೆಲವರು. ಇದರ ಮೇಲೆ ಗಿರಣಿಯಲ್ಲಿ ಎರಡು ಸಲ ಜಗಳವಾಗಿದೆ, ಒಂದು ಸಲ ಹಿಟ್ಟಿನ ಡಬ್ಬಿಯೇ ಉರುಳಿತು.

ಇದಕ್ಕೆ ಕಾನೂನಿನ ಬಲ ಇಲ್ಲವೆಂದು ನನಗೆ ಗೊತ್ತು. ಆದರೆ ಇದು ಊರವರು ಹೇಳಿ ಬರೆಸಿದ್ದು. ಪಂಚಾಯಿತಿಯವರು ಇದನ್ನು ಗ್ರಾಮಸಭೆಯ ಮುಂದೆ ಇಟ್ಟು ಠರಾವು ಮಾಡಬೇಕೆಂದು ಅರ್ಜಿ ಕೊಟ್ಟಿದ್ದೇವೆ. ನಮ್ಮ ಶಾಸಕರು, ಸಂಸದರ ಮುಂದೆ ಇಡುವ ಬೇಡಿಕೆ ಇನ್ನೂ ಸಣ್ಣದು. 243ಎ, 243ಜಿಯಲ್ಲಿರುವ ‘ಬಹುದು’ ತೆಗೆದು ‘ತಕ್ಕದ್ದು’ ಹಾಕಿ. 29 ವಿಷಯಗಳಲ್ಲಿ ಕುಡಿಯುವ ನೀರೊಂದನ್ನಾದರೂ ಮೊದಲು ಪೂರ್ತಿಯಾಗಿ, ಹಣ, ನೌಕರರ ಸಮೇತ, ಹಳ್ಳಿಗೆ ಬಿಡಿ. ಮತ್ತೆ 243ಇ ಮುರಿದವರಿಗೆ ಏನಾಗಬೇಕೆಂದು ಅಲ್ಲೇ ಬರೆಯಿರಿ. ಪಂಚಾಯಿತಿ ಚುನಾವಣೆ ಮಾಡದ ಸರ್ಕಾರ ಆ ಜಿಲ್ಲೆಯಲ್ಲಿ ಒಂದೂ ಶಂಕುಸ್ಥಾಪನೆ ಮಾಡಬಾರದು ಎಂದು ಬರೆದರೆ ಮೂರೇ ತಿಂಗಳಲ್ಲಿ ಚುನಾವಣೆ ಆಗುತ್ತದೆ ಎಂದು ನಮ್ಮ ಮನೆಯವರ ಅಂದಾಜು. ತಮಾಷೆಗೆ ಹೇಳಿದ್ದು, ಆದರೆ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ.

ಗಾಂಧಿ ಚೌಕದ ಹುಡುಗರಿಗೆ ಮೊನ್ನೆ ಫೋನ್ ಮಾಡಿದ್ದೆ. ‘ಸಹಿ ಮಾಡೂದಿಲ್ರಪ್ಪಾ, ಆದ್ರ ಒಂದ್ ಸಲ ನಮ್ಮ ಗಿರಣಿಗೆ ಬರ್ರಿ, ಪುಸ್ತಕ ನೋಡ್ರಿ’ ಎಂದೆ. ಬರುತ್ತೇವೆ ಎಂದಿದ್ದಾರೆ. ಅಮವಾಸ್ಯೆ ದಿನ ಬೇಡವೆಂದು ಹೇಳಿದ್ದೇನೆ, ಅಂದು ಗಿರಣಿಗೆ ಪೂಜೆ, ಬೀಸುವುದಿಲ್ಲ, ಯಾರೂ ಇರುವುದಿಲ್ಲ. ಬರುವಾಗ ಒಂದು ಹೊಸ ನೋಟ್‌ಬುಕ್ ತರಲು ಹೇಳಿದ್ದೇನೆ. ಇದರಲ್ಲಿ ಹನ್ನೊಂದೇ ಪುಟ ಉಳಿದಿವೆ.

ಇಂತಿ,
ಹಿಟ್ಟಿನ ಗಿರಣಿಯವಳು, ಗ್ರಾಮ ಪಂಚಾಯಿತಿ ಮಾಜಿ ಸದಸ್ಯೆ
ವಿಜಯಪುರ ಜಿಲ್ಲೆ
(ಹೆಸರು, ಊರು ಪ್ರಕಟಿಸಬೇಡಿ)